ಗ್ಲೆನ್‌ಮಾರ್ಗನ್ನಿನ ಎರಡು ಹಳ್ಳಗಳು

ನೀಲಗಿರಿ ಬೆಟ್ಟಕ್ಕೆ ಬಂದು ನೆಲೆಸಿದ ಬ್ರಿಟಿಷರಿಗೆ ಮೊದಲು ತಟ್ಟಿದ ಕೊರತೆ ಸೌದೆಯದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. ಕೆಲವೇ ವರ್ಷಗಳಲ್ಲಿ ಅಲ್ಲಿ ಕಲ್ಲಿನ ಬಂಗಲೆ ಎದ್ದಿತು, ಹಳ್ಳಕ್ಕೆ ಏರಿ ಹಾಕಿ ಕೆರೆ ಮಾಡಿದ್ದಾಯಿತು. ಬಯಲುಸೀಮೆಯ ಬಿಸಿಲಿಗೆ ಬಸವಳಿದ ಅಧಿಕಾರಿಗಳು, ಸೈನಿಕರು, ಪಾದ್ರಿಗಳು ಒಬ್ಬರ ಹಿಂದೊಬ್ಬರು ಬಂದರು. ಊಟಿ ಇರುವುದು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಬಂಗಲೆಗಳಲ್ಲೂ ದಂಡಿನಲ್ಲೂ ಒಲೆ, ಅಗ್ಗಿಷ್ಟಿಕೆ ಆರುವಂತಿರಲಿಲ್ಲ. ಹತ್ತಿರದಲ್ಲಿ ಇದ್ದ ಮರವೆಂದರೆ ಕಣಿವೆಯ ಸಂದಿಗಳಲ್ಲಿ ಒತ್ತೊತ್ತಾಗಿ ಬೆಳೆದಿದ್ದ ಶೋಲಾ ಕಾಡು. ಅದಕ್ಕೆ ಕೊಡಲಿ ಬಿತ್ತು.

ಶೋಲಾ ಮರ ಬೆಳೆಯುವುದು ತೀರ ನಿಧಾನ. ಕಡಿದದ್ದು ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಮತ್ತೆ ತುಂಬಿಕೊಳ್ಳುವಂಥದ್ದಲ್ಲ. ಬೇಗ ಬೆಳೆಯುವ ಮರವೊಂದು ಬೇಕಿತ್ತು, ಅದು ಆಸ್ಟ್ರೇಲಿಯಾದಿಂದ ಬಂತು. ನಾವು ನೀಲಗಿರಿ ಮರ ಎನ್ನುವ ಯೂಕಲಿಪ್ಟಸ್ಸಿನ ಒಂದು ಜಾತಿ ಬ್ಲೂಗಮ್. ಅದನ್ನು 1843ರಲ್ಲಿ ಕ್ಯಾಪ್ಟನ್ ಕಾಟನ್ ಎಂಬಾತ ಈ ಬೆಟ್ಟಕ್ಕೆ ತಂದ. ಅದಕ್ಕೂ ಮುಂಚೆಯೇ ಆಸ್ಟ್ರೇಲಿಯಾದ ವ್ಯಾಟಲ್ ಜಾತಿಯ ಮರಗಳು ತೋಟಗಳಲ್ಲಿ ಕಾಲಿಟ್ಟಿದ್ದವು. (ನಮ್ಮ ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನ್ 1790ರ ಸುಮಾರಿಗೇ ಯೂಕಲಿಪ್ಟಸ್ ಬೆಳೆಸಿದ್ದ ಎನ್ನುತ್ತಾರೆ. ಆದರೆ ಅದು ತೋಟದ ಶೋಕಿಯಾಗಿತ್ತು, ಬೆಟ್ಟಕ್ಕೆ ಹಬ್ಬಲಿಲ್ಲ.) 1863ರಲ್ಲಿ ಊಟಿಯ ಪಕ್ಕದ ಅರಂಬಿಯಲ್ಲಿ ಸರ್ಕಾರವೇ ಬ್ಲೂಗಮ್ ನೆಡುತೋಪು ಎಬ್ಬಿಸಿತು. ಹತ್ತು ವರ್ಷಕ್ಕೆ ಕಡಿದರೆ ಬುಡದಿಂದ ಕೂಳೆ ಚಿಗುರುತ್ತದೆ, ಮತ್ತೆ ಹತ್ತು ವರ್ಷಕ್ಕೆ ಇನ್ನೊಂದು ಕಟಾವು. ಸೌದೆಯ ಚಿಂತೆ ತೀರಿತು ಎಂದೇ ಎಲ್ಲರೂ ಭಾವಿಸಿದರು.

ತೋಪು ಎದ್ದದ್ದು ಹುಲ್ಲುಗಾವಲಿನ ಮೇಲೆ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಖಾಲಿ ಜಾಗ. ಅಲೆ ಅಲೆಯಾಗಿ ಹಬ್ಬಿದ ದುಂಡನೆಯ ಗುಡ್ಡಗಳು, ಗುಡ್ಡದ ಮೈತುಂಬ ಹುಲ್ಲು, ಗುಡ್ಡ ಗುಡ್ಡಗಳ ನಡುವಿನ ಮಡಿಲಲ್ಲಿ ಶೋಲಾ, ಅದರ ತಗ್ಗಿನಲ್ಲಿ ಜೌಗು. ಆ ಹುಲ್ಲಿನ ಮೇಲೆ ತೋಡರ ಎಮ್ಮೆಗಳು ಮೇಯುತ್ತಿದ್ದವು. ತೋಡರ ಪವಿತ್ರ ಹಾಲುಮನೆಗಳ ಮಾಡಿಗೆ ಹೊದಿಸುವ ಹುಲ್ಲು ಜೌಗಿನಲ್ಲಿ ಮಾತ್ರ ಬೆಳೆಯುತ್ತದೆ. ಮೈಸೂರು ಸೀಮೆಯಿಂದ ಬಂದು ನೆಲೆಸಿದರೆನ್ನುವ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಇಳಿಜಾರಿನಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದರು. ಕೋತರು, ಕುರುಂಬರು, ಇರುಳರು ತಂತಮ್ಮ ನೆಲೆಗಳಲ್ಲಿದ್ದರು. ಖಾಲಿ ಎನ್ನಿಸಿಕೊಂಡ ಜಾಗದಲ್ಲಿ ಖಾಲಿಯಾದದ್ದು ಏನೂ ಇರಲಿಲ್ಲ.

ಈ ಹುಲ್ಲು ಕಾಡು ಕಡಿದದ್ದರ ಫಲವೇ ಅಥವಾ ಮೊದಲಿನಿಂದಲೂ ಇದ್ದದ್ದೇ ಎಂದು ಅರಣ್ಯಾಧಿಕಾರಿಗಳು ಬಹಳ ಕಾಲ ವಾದಿಸಿದರು. 1938ರಲ್ಲಿ ಸಿ.ಆರ್. ರಂಗನಾಥನ್ ಎಂಬ ಅರಣ್ಯಾಧಿಕಾರಿ ಹಿಮದ ಕಡೆಗೆ ಬೆರಳು ತೋರಿಸಿದರು. ಬಯಲಿನಲ್ಲಿ ಮೊಳೆತ ಶೋಲಾ ಸಸಿಯನ್ನು ಹೆಪ್ಪುಗಟ್ಟಿದ ಇಬ್ಬನಿ ಸುಟ್ಟುಹಾಕುತ್ತದೆ, ಕಾಡಿನ ನೆರಳಲ್ಲಿ ಮೊಳೆತದ್ದು ಮಾತ್ರ ಉಳಿಯುತ್ತದೆ, ಆದ್ದರಿಂದಲೇ ಕಾಡು ಕಣಿವೆಯಲ್ಲಿ, ಹುಲ್ಲು ಗುಡ್ಡದಲ್ಲಿ ಎಂಬುದು ಅವರ ವಿವರಣೆ. ಹಾಗಿದ್ದರೂ ಸರ್ಕಾರಿ ಕಡತಗಳಲ್ಲಿ ಹುಲ್ಲುಗುಡ್ಡಕ್ಕೆ ಪಾಳು ಎಂಬ ಹೆಸರು ಅಳಿಯಲಿಲ್ಲ.

ನೀರಿನ ಮಾತು ಅಷ್ಟರಲ್ಲೇ ಎದ್ದಿತ್ತು, ಆದರೆ ಬೇರೆಯದೇ ರೂಪದಲ್ಲಿ. ಮರ ಇದ್ದರೆ ಮಳೆ, ಮರ ಹೋದರೆ ಬರ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಬಲವಾಗಿತ್ತು. ಅದಕ್ಕೆ ಶಿವಮೊಗ್ಗದ ನಂಟೂ ಇದೆ. 1840ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ, ಶಿವಮೊಗ್ಗ ಸೇರಿದ್ದ ನಗರ ವಿಭಾಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯನಿದ್ದ. ಮಲೆನಾಡಿನ ಕುಮರಿ ಬೇಸಾಯವನ್ನೂ ಮರ ಕಡಿತವನ್ನೂ ಕಂಡು ಕಳವಳಗೊಂಡ ಆತ 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಗಾಗಿ ಉಷ್ಣವಲಯದ ಕಾಡುನಾಶದ ಮೇಲೆ ವರದಿ ಸಿದ್ಧಪಡಿಸಿದವರಲ್ಲಿ ಮುಖ್ಯನಾದ. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯೂ ಆದ. ಆ ಪೀಳಿಗೆಯ ಕಾಳಜಿ ಪ್ರಾಮಾಣಿಕವಾದದ್ದು, ಅವರಿಂದ ಉಳಿದ ಕಾಡೂ ಕಡಿಮೆಯಲ್ಲ. ಆದರೆ ಯಾವ ಮರವಾದರೂ ಸರಿ, ಎಲ್ಲಿ ನೆಟ್ಟರೂ ಸರಿ, ನೀರು ಹೆಚ್ಚುತ್ತದೆ ಎಂಬ ತೀರ್ಮಾನ ಅವರ ಬರಹಗಳಿಂದ ಆಡಳಿತದ ಮೂಳೆಗೆ ಇಳಿಯಿತು. 1893ರಲ್ಲಿ ಭಾರತದ ಬೇಸಾಯದ ಬಗ್ಗೆ ವರದಿ ಬರೆದ ಜಾನ್ ವೋಲ್ಕರ್ ಊಟಿಯನ್ನೇ ಸಾಕ್ಷಿಗೆ ಕರೆದ. 1870ರಿಂದ 74ರವರೆಗೆ ಗುಡ್ಡಗಳು ಬೋಳಾಗಿದ್ದವು, 1886ರಿಂದ 90ರ ಹೊತ್ತಿಗೆ ತೋಪು ಬೆಳೆದಿತ್ತು, ಮಳೆ ಬಿದ್ದ ದಿನಗಳು ಹೆಚ್ಚಿವೆ ಎಂಬುದು ಆತನ ವಾದ. ಐದೈದು ವರ್ಷಗಳ ಲೆಕ್ಕದಿಂದ ಇಷ್ಟು ದೊಡ್ಡ ಮಾತಾಡುವಂತಿಲ್ಲ. ಅಲ್ಲದೆ ಮುಗಿಲಿನಿಂದ ಬಿದ್ದ ನೀರು ಎಷ್ಟು ಎಂಬುದು ಒಂದು ಪ್ರಶ್ನೆ, ಬಿದ್ದದ್ದರಲ್ಲಿ ಹಳ್ಳಕ್ಕೆ ಬಂದದ್ದು ಎಷ್ಟು ಎಂಬುದು ಇನ್ನೊಂದು. ಎರಡನೆಯದನ್ನು ಯಾರೂ ಅಳೆದಿರಲಿಲ್ಲ.

ಅದೇ ಕಾಲದಲ್ಲಿ ಯುರೋಪಿನಲ್ಲಿ ಬ್ಲೂಗಮ್ ಬೇರೊಂದು ಕಾರಣಕ್ಕೆ ಮನೆಮಾತಾಗಿತ್ತು. ರೋಮ್ ಸುತ್ತಲಿನ ತಗ್ಗಿನಲ್ಲಿ, ಅಲ್ಜೀರಿಯಾದಲ್ಲಿ ಮಲೇರಿಯಾ ಓಡಿಸಲೆಂದು ಜೌಗಿನ ಸುತ್ತ ಅದನ್ನು ನೆಡುತ್ತಿದ್ದರು. ನೆಲದ ನೀರನ್ನು ಹೀರಿ ಜೌಗನ್ನು ಒಣಗಿಸುತ್ತದೆ ಎಂಬುದೇ ಅಲ್ಲಿ ಅದರ ದೊಡ್ಡ ಗುಣ. ಅದೇ ಮರವನ್ನು ನೀಲಗಿರಿಯಲ್ಲಿ ಹೊಳೆಗಳು ಹುಟ್ಟುವ ಜೌಗಿನ ನೆತ್ತಿಯ ಮೇಲೂ ನೆಟ್ಟರು.

ಇಪ್ಪತ್ತನೆಯ ಶತಮಾನದಲ್ಲಿ ಈ ಬೆಟ್ಟದ ನೀರಿಗೆ ಬೆಲೆ ಬಂತು. 1932ರಲ್ಲಿ ಪೈಕಾರ ಜಲವಿದ್ಯುತ್ ಕೇಂದ್ರ ಶುರುವಾಗಿ ಕೊಯಮತ್ತೂರಿನ ಬಟ್ಟೆ ಗಿರಣಿಗಳಿಗೆ ಕರೆಂಟು ಹರಿಯಿತು. ಪೈಕಾರ ಹೊಳೆ ಕೆಳಗಿಳಿದು ಮೋಯಾರ್ ಆಗುತ್ತದೆ, ನಮ್ಮ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೈಗೂ ನಡುವೆ ಆಳವಾದ ಕಮರಿ ಕೊರೆದು ಹರಿಯುತ್ತದೆ. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟೆಯಲ್ಲಿ ಅದು ಭವಾನಿಯನ್ನು ಕೂಡಿಕೊಳ್ಳುತ್ತದೆ, ಭವಾನಿ ಈರೋಡಿನ ಬಳಿ ಕಾವೇರಿಗೆ ಸೇರುತ್ತದೆ. ಬೆಟ್ಟದ ಇನ್ನೊಂದು ಬದಿಯಲ್ಲಿ ಕೆನಡಾದ ನೆರವಿನಿಂದ ಕುಂದಾ ಯೋಜನೆ ಎದ್ದಿತು. ಅವಲಾಂಚೆ, ಎಮರಾಲ್ಡ್, ಅಪ್ಪರ್ ಭವಾನಿ ಜಲಾಶಯಗಳು ಆ ಯೋಜನೆಯವು. ಬೆಟ್ಟದ ನೆತ್ತಿಯಲ್ಲಿ ಹನಿಯುವ ಒರತೆಯ ಮೇಲೆ ಗಿರಣಿ, ಗದ್ದೆ, ಪಟ್ಟಣ ಎಲ್ಲವೂ ಆತುಕೊಂಡವು.

ಅದೇ ದಶಕಗಳಲ್ಲಿ ಅದೇ ನೆತ್ತಿಯ ಮೇಲೆ ಇನ್ನೊಂದು ಯೋಜನೆಯೂ ನಡೆದಿತ್ತು. ಚರ್ಮ ಹದಮಾಡಲು ವ್ಯಾಟಲ್ ತೊಗಟೆ ಬೇಕು, ರೇಯಾನ್ ನೂಲಿಗೆ ಬ್ಲೂಗಮ್ ತಿರುಳು ಬೇಕು. ಸ್ವಾತಂತ್ರ್ಯದ ನಂತರ ಅರಣ್ಯ ಇಲಾಖೆ ಹುಲ್ಲುಗುಡ್ಡಗಳನ್ನು ಒಂದೊಂದಾಗಿ ತೋಪಿಗೆ ಒಪ್ಪಿಸಿತು. ಪಕ್ಕದ ಪಳನಿ ಬೆಟ್ಟದಲ್ಲೂ ಇದೇ ನಡೆಯಿತು. ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಲೆಕ್ಕ ಹಾಕಿದವರು ಅಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಯಿತು ಎಂದು 2018ರಲ್ಲಿ ತೋರಿಸಿದರು. ಒಂದು ಇಲಾಖೆ ಅಣೆಕಟ್ಟೆ ಕಟ್ಟುತ್ತಿತ್ತು, ಇನ್ನೊಂದು ಅಣೆಕಟ್ಟೆಗೆ ಬರುವ ನೀರಿನ ದಾರಿಯಲ್ಲಿ ಮರ ನೆಡುತ್ತಿತ್ತು. ಎರಡಕ್ಕೂ ಹಣ ಸರ್ಕಾರದ್ದೇ, ಎರಡಕ್ಕೂ ಅಭಿವೃದ್ಧಿ ಎಂದೇ ಹೆಸರು.

ಕೊನೆಗೆ ಅಳೆಯಲು ಹೊರಟವರು ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಈ ಕೇಂದ್ರ 1954ರಲ್ಲಿ ಆರಂಭವಾದದ್ದು. ಅವರು ಆರಿಸಿಕೊಂಡ ಜಾಗ ಪೈಕಾರ ವಿದ್ಯುತ್ ಯೋಜನೆಯ ಮಗ್ಗುಲಲ್ಲೇ ಇರುವ ಗ್ಲೆನ್‌ಮಾರ್ಗನ್. ಅಕ್ಕಪಕ್ಕದಲ್ಲಿ ಹರಿಯುವ ಎರಡು ಸಣ್ಣ ಹಳ್ಳಗಳು, ಒಂದೊಂದರ ಜಲಾನಯನವೂ ಸುಮಾರು 32 ಹೆಕ್ಟೇರ್, ಎರಡರಲ್ಲೂ ಹುಲ್ಲು, ಶೋಲಾ, ತಗ್ಗಿನಲ್ಲಿ ಜೌಗು. ಇಂಥ ಜೋಡಿ ಸಿಗುವುದೇ ಅಪರೂಪ.

ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಹಳ್ಳ ಜಲಾನಯನದಿಂದ ಹೊರಬೀಳುವ ಕಡೆ ಅಡ್ಡಲಾಗಿ ಗಾರೆಯ ಅಳತೆಗಟ್ಟೆ ಕಟ್ಟಬೇಕು, ನೀರೆಲ್ಲ ಗೊತ್ತಾದ ಅಗಲದ ಕಿಂಡಿಯಿಂದಲೇ ಹಾಯಬೇಕು. ಪಕ್ಕದ ಸಣ್ಣ ಗುಂಡಿಯಲ್ಲಿ ತೇಲುಗುಂಡು. ನೀರು ಏರಿದರೆ ಅದೂ ಏರುತ್ತದೆ, ಅದಕ್ಕೆ ಕಟ್ಟಿದ ಲೇಖನಿ ಗಡಿಯಾರದಂತೆ ಸುತ್ತುವ ಉರುಳೆಯ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಕಾಗದ ಬದಲಿಸಬೇಕು, ಕಿಂಡಿಗೆ ಸಿಕ್ಕಿಕೊಂಡ ತರಗೆಲೆ ತೆಗೆಯಬೇಕು, ಕಟ್ಟೆಯ ಹಿಂದೆ ಕೂತ ಹೂಳು ಎತ್ತಬೇಕು, ಮಳೆಮಾಪಕ ನೋಡಬೇಕು. ಮಂಜಿರಲಿ, ಜಿಟಿಜಿಟಿ ಮಳೆಯಿರಲಿ, ತಪ್ಪುವಂತಿಲ್ಲ. ಒಂದು ವಾರ ತಪ್ಪಿದರೆ ಆ ವಾರದ ನೀರು ಲೆಕ್ಕದಿಂದ ಹೋದಂತೆಯೇ.

1968ರಲ್ಲಿ ಅಳತೆ ಶುರುವಾಯಿತು. ಮೊದಲ ಕೆಲವು ವರ್ಷ ಎರಡನ್ನೂ ಮುಟ್ಟದೆ ಸುಮ್ಮನೆ ಅಳೆದರು. ಇಷ್ಟು ಮಳೆಗೆ ಈ ಹಳ್ಳದಲ್ಲಿ ಇಷ್ಟು, ಆ ಹಳ್ಳದಲ್ಲಿ ಅಷ್ಟು ಎಂಬ ನಂಟು ಖಚಿತವಾಗಬೇಕಿತ್ತು. 1972ರಲ್ಲಿ ಒಂದು ಜಲಾನಯನದ ಶೇ. 59ರಷ್ಟು ಜಾಗದಲ್ಲಿ, ಹುಲ್ಲಿದ್ದ ಕಡೆ, ಬ್ಲೂಗಮ್ ನೆಟ್ಟರು. ಇನ್ನೊಂದನ್ನು ಇದ್ದ ಹಾಗೇ ಬಿಟ್ಟರು. ಮುಂದೆ ಇಪ್ಪತ್ತು ವರ್ಷ ಅಳೆಯುತ್ತಲೇ ಹೋದರು. ಸಾಮ್ರಾಜ್, ಶಾರ್ದಾ ಮತ್ತು ಸಂಗಡಿಗರು ಫಲಿತಾಂಶವನ್ನು 1988ರಲ್ಲೂ 1998ರಲ್ಲೂ ಪ್ರಕಟಿಸಿದರು.

ಮೊದಲ ಹತ್ತು ವರ್ಷದ ಸುತ್ತಿನಲ್ಲಿ ತೋಪಿದ್ದ ಹಳ್ಳದ ವಾರ್ಷಿಕ ಹರಿವು ಸರಾಸರಿ ಶೇ. 16ರಷ್ಟು ಕುಗ್ಗಿತ್ತು. ಅಂದರೆ ವರ್ಷಕ್ಕೆ ಸುಮಾರು 87 ಮಿಲಿಮೀಟರ್. ಮಿಲಿಮೀಟರ್ ಎಂದಾಗ ಸಣ್ಣದೆನಿಸುತ್ತದೆ, ಹೆಕ್ಟೇರಿಗೆ ಲೆಕ್ಕ ಹಾಕಿದರೆ ಅದು 8.7 ಲಕ್ಷ ಲೀಟರ್. ಆ ಪುಟ್ಟ ಜಲಾನಯನವೊಂದರಿಂದಲೇ ವರ್ಷಕ್ಕೆ ಎರಡೂಮುಕ್ಕಾಲು ಕೋಟಿ ಲೀಟರ್ ನೀರು ಕೆಳಗಿಳಿಯಲಿಲ್ಲ. ಕಡಿದ ಮೇಲೆ ಬುಡದಿಂದ ಎದ್ದ ಕೂಳೆ ಇನ್ನೂ ಹೆಚ್ಚು ಕುಡಿಯಿತು. ಬೇರು ಆಗಲೇ ಆಳಕ್ಕಿಳಿದಿತ್ತು, ಒಂದೊಂದು ಬುಡದಲ್ಲೂ ಹಲವು ಕವಲು. ಎರಡನೆಯ ಸುತ್ತಿನಲ್ಲಿ ಕೊರತೆ ಶೇ. 25ನ್ನು ಮುಟ್ಟಿತು.

ಎಲ್ಲಕ್ಕಿಂತ ಮುಖ್ಯ ಸಂಗತಿ ಬೇಸಿಗೆಯದು. ಮಳೆ ನಿಂತ ಮೇಲೆ ಹಳ್ಳದಲ್ಲಿ ಉಳಿಯುವ ಕನಿಷ್ಠ ಹರಿವು ಮೊದಲ ಸುತ್ತಿನಲ್ಲೇ ಅರ್ಧಕ್ಕಿಳಿದಿತ್ತು, ಎರಡನೆಯ ಸುತ್ತಿನಲ್ಲಿ ಅದಕ್ಕೂ ಕೆಳಗೆ ಹೋಯಿತು. ಆಗಸ್ಟಿನಲ್ಲಿ ನೂರರಲ್ಲಿ ಹದಿನಾರು ಪಾಲು ಕಡಿಮೆ ಬಂದರೆ ಯಾರೂ ಗಮನಿಸುವುದಿಲ್ಲ. ಮಾರ್ಚಿನಲ್ಲಿ ಅರ್ಧ ಹೋದರೆ ಕೆಳಗಿನ ಊರಿನ ನಲ್ಲಿ ನಿಲ್ಲುತ್ತದೆ.

ಕಾರಣವೂ ಅಷ್ಟೇ ಸ್ಪಷ್ಟ. ಬೆಟ್ಟದ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಚಳಿ, ಬೇಸಿಗೆಯಲ್ಲಿ ಹುಲ್ಲು ಒಣಗಿ ಕಂದಾಗುತ್ತದೆ, ನೀರು ಕೇಳುವುದಿಲ್ಲ. ಅದರ ಅಡಿಯಲ್ಲಿ ಜೈವಿಕಾಂಶ ತುಂಬಿದ ಕಪ್ಪು ಮಣ್ಣು, ಮಳೆಗಾಲದಲ್ಲಿ ಕುಡಿದದ್ದನ್ನು ಜೌಗಿಗೂ ಒರತೆಗೂ ಬಿಡುತ್ತ ಹೋಗುತ್ತದೆ. ಕಣಜದ ಕಾಳನ್ನು ಮುಂದಿನ ಸುಗ್ಗಿಯವರೆಗೆ ಅಳೆದು ತೆಗೆಯುವ ಮನೆಯಾಕೆಯ ಹಾಗೆ. ಬ್ಲೂಗಮ್ ವರ್ಷವಿಡೀ ಹಸಿರು. ಎಲೆಗಳ ಮೇಲೆ ಬಿದ್ದ ಮಳೆಯ ಒಂದು ಪಾಲು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ, ಬೇರು ಆಳದ ತೇವವನ್ನು ಬೇಸಿಗೆಯಲ್ಲೂ ಮೇಲಕ್ಕೆಳೆಯುತ್ತದೆ.

ಹೊರಗಿನ ಜಗತ್ತು ಇದನ್ನು ಬೇರೆ ಬೇರೆ ಬೆಟ್ಟಗಳಲ್ಲಿ ಆಗಲೇ ಕಂಡುಕೊಂಡಿತ್ತು. ಅಮೆರಿಕದ ಕೊಲೊರಾಡೊದ ವ್ಯಾಗನ್ ವೀಲ್ ಗ್ಯಾಪ್‌ನಲ್ಲಿ 1910ರಿಂದ 1926ರವರೆಗೆ ಇಂಥದೇ ಜೋಡಿ ಹಳ್ಳಗಳನ್ನು ಅಳೆದು, ಒಂದರ ಮರ ಕಡಿದಾಗ ಹರಿವು ಹೆಚ್ಚಿದ್ದನ್ನು ದಾಖಲಿಸಿದರು. ದಕ್ಷಿಣ ಆಫ್ರಿಕಾದ ಯೋಂಕರ್ಸ್‌ಹುಕ್‌ನಲ್ಲಿ ಪೈನ್ ತೋಪುಗಳ ಮೇಲೆ 1930ರ ದಶಕದಿಂದ ಅಧ್ಯಯನ ನಡೆಯಿತು. 1982ರಲ್ಲಿ ಬಾಷ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು ಲೋಕದ 94 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಪೈನ್ ಅಥವಾ ಯೂಕಲಿಪ್ಟಸ್ ಹೊದಿಕೆ ಶೇ. 10ರಷ್ಟು ಬದಲಾದರೆ ವಾರ್ಷಿಕ ಹರಿವು ಸುಮಾರು 40 ಮಿಲಿಮೀಟರ್ ಬದಲಾಗುತ್ತದೆ, ಎಲೆಯುದುರುವ ಕಾಡಾದರೆ ಸುಮಾರು 25, ಕುರುಚಲಾದರೆ ಸುಮಾರು 10 ಎಂಬುದು ಅವರ ಲೆಕ್ಕ. ದಕ್ಷಿಣ ಆಫ್ರಿಕಾ ಈ ಅಂಕಿಗಳನ್ನು ಪುಸ್ತಕದಲ್ಲೇ ಬಿಡಲಿಲ್ಲ. 1995ರಲ್ಲಿ, ಮಂಡೇಲಾ ಸರ್ಕಾರದ ನೀರಿನ ಮಂತ್ರಿ ಕಾದರ್ ಅಸ್ಮಲ್ ಕಾಲದಲ್ಲಿ, ನದೀಮೂಲಗಳಲ್ಲಿ ಹಬ್ಬಿದ ಪರದೇಶಿ ಮರಗಳನ್ನು ಕಡಿಯುವ ಕೆಲಸಕ್ಕೆ ಬಡವರನ್ನು ಕೂಲಿ ಕೊಟ್ಟು ತೊಡಗಿಸಿದ ಯೋಜನೆ ಆರಂಭವಾಯಿತು. ನೀರು ಉಳಿಯಿತು, ಮನೆಗಳಿಗೆ ದುಡಿಮೆ ಸಿಕ್ಕಿತು. ಅದನ್ನು ನಮ್ಮವರು ಕಲಿಯಬಹುದಿತ್ತು.

ಕರ್ನಾಟಕದಲ್ಲಿ ಈ ಜಗಳ ಬಯಲಿನಲ್ಲಿ ನಡೆಯಿತು. ಸಾಮಾಜಿಕ ಅರಣ್ಯದ ಹೆಸರಲ್ಲಿ ಬಯಲುಸೀಮೆಯ ಹೊಲಗಳಿಗೆ ನೀಲಗಿರಿ ಬಂದಾಗ, 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸರ್ಕಾರಿ ನರ್ಸರಿಗೆ ನುಗ್ಗಿ ಸಸಿ ಕಿತ್ತರು. ಆಗ ಅವರನ್ನು ವಿಜ್ಞಾನ ತಿಳಿಯದವರು ಎಂದವರೇ ಹೆಚ್ಚು. ಆಮೇಲೆ ಬ್ರಿಟನ್ನಿನ ಇಯನ್ ಕಾಲ್ಡರ್ ಮತ್ತು ನಮ್ಮ ಅರಣ್ಯ ಇಲಾಖೆಯವರು ಸೇರಿ ಅಳೆದರು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ನೀಲಗಿರಿ ತೋಪು ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಬಳಸಿತ್ತು, ಅಂದರೆ ಹಳೆಯ ಮಳೆಗಳ ಉಳಿತಾಯಕ್ಕೂ ಕೈಹಾಕಿತ್ತು. ರಾಗಿ ಹೊಲಕ್ಕೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಆದರೆ ಶಿವಮೊಗ್ಗ ಕಡೆಯ ಅಷ್ಟು ಆಳವಲ್ಲದ ಮಣ್ಣಿನ ತಾಣಗಳಲ್ಲಿ ಎಳೆಯ ನೀಲಗಿರಿ ಅಲ್ಲಿನ ಎಲೆಯುದುರುವ ಕಾಡಿಗಿಂತ ಹೆಚ್ಚೇನೂ ಕುಡಿದಿರಲಿಲ್ಲ. ಈ ಎರಡನೆಯ ಮಾತನ್ನೂ ಮುಚ್ಚಿಡಬಾರದು. 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿತು. ತುಮಕೂರಿನ ರೈತರು ಹೇಳಿದ ಮಾತು ಕಾನೂನಾಗಲು ಮೂವತ್ತನಾಲ್ಕು ವರ್ಷ ಬೇಕಾಯಿತು.

ಗ್ಲೆನ್‌ಮಾರ್ಗನ್ನಿನ ಅಂಕಿ ಹಿಡಿದು ಮರ ಕಡಿದರೆ ನೀರು ಹೆಚ್ಚುತ್ತದೆ ಎಂದು ಯಾರಾದರೂ ಮಲೆನಾಡಿನ ಕಾಡಿಗೆ ಕೊಡಲಿ ಹಿಡಿದು ಹೊರಟರೆ ಅದು ದೊಡ್ಡ ಅನಾಹುತ. ಉತ್ತರ ಕನ್ನಡದಲ್ಲಿ ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಸಹಜ ಕಾಡು, ಸೊಪ್ಪು ಕಡಿದು ದನ ಮೇಯ್ದು ಸವೆದ ಬೆಟ್ಟ, ಅಕೇಶಿಯಾ ನೆಟ್ಟ ನೆಲ ಈ ಮೂರನ್ನೂ ಅಳೆದು ನೋಡಿದ್ದಾರೆ. ಸವೆದ ನೆಲದಲ್ಲಿ ಮಣ್ಣು ಗಟ್ಟಿಯಾಗಿ ಮಳೆ ಇಂಗುವುದು ಕಡಿಮೆ, ಹೆಚ್ಚು ನೀರು ಕೆಂಪಾಗಿ ಹರಿದು ಹೋಗುತ್ತದೆ. ಸಹಜ ಕಾಡು ಅದೇ ಮಳೆಯನ್ನು ಒಳಗಿಳಿಸಿಕೊಳ್ಳುತ್ತದೆ. ಅಕೇಶಿಯಾ ತೋಪು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಒಳಗಿಳಿದ ನೀರು ಮರ ಕುಡಿದದ್ದಕ್ಕಿಂತ ಹೆಚ್ಚಿದ್ದರೆ ಬೇಸಿಗೆಯ ಹಳ್ಳಕ್ಕೆ ಲಾಭ. ಹುಲ್ಲಿನ ಗುಡ್ಡದಲ್ಲಿ ನೀರು ಮೊದಲೇ ಚೆನ್ನಾಗಿ ಇಂಗುತ್ತಿತ್ತು, ಅಲ್ಲಿ ಮರ ಸೇರಿಸಿದ್ದು ಬರೀ ಖರ್ಚು. ಬೋಳಾದ ಬೆಟ್ಟದಲ್ಲಿ ಕಾಡು ಮರಳಿದರೆ ಅಲ್ಲಿ ಇಂಗುವ ದಾರಿಯೇ ತೆರೆದುಕೊಳ್ಳುತ್ತದೆ. ಎಲ್ಲ ಬೆಟ್ಟಕ್ಕೂ ಒಂದೇ ಸಸಿ, ಒಂದೇ ಸುತ್ತೋಲೆ ಹೊಂದುವುದಿಲ್ಲ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಗಳು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ ಎಂದೇ ನನ್ನ ಅನಿಸಿಕೆ.

ನೀಲಗಿರಿಯಲ್ಲಿ ಈಗ ಹಿಂದಿರುಗುವ ಕೆಲಸ ನಡೆದಿದೆ. ಮದ್ರಾಸ್ ಹೈಕೋರ್ಟ್ ಪರದೇಶಿ ಮರಗಳನ್ನು ತೆಗೆಯುವಂತೆ ಹೇಳುತ್ತ ಬಂದಿದೆ, ತಮಿಳುನಾಡು ಸರ್ಕಾರ 2022ರಲ್ಲಿ ಅದಕ್ಕೆಂದೇ ನೀತಿಯೊಂದನ್ನು ಹೊರಡಿಸಿದೆ. ಆದರೆ ನೆಡಲು ಬೇಕಾದ ಶ್ರಮಕ್ಕಿಂತ ಕೀಳುವ ಶ್ರಮ ಬಹಳ ದೊಡ್ಡದು. ವ್ಯಾಟಲ್ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಮರ ಕಡಿದು ಬೆಳಕು ಬಿದ್ದೊಡನೆ ಸಾವಿರಾರು ಸಸಿ ಒಟ್ಟಿಗೆ ಏಳುತ್ತವೆ, ವರ್ಷ ವರ್ಷವೂ ಕೈಯಿಂದ ಕೀಳುತ್ತಲೇ ಇರಬೇಕು. ಹುಲ್ಲಿನ ಬುಡಗಳನ್ನು ಒಂದೊಂದಾಗಿ ತಂದು ನೆಡಬೇಕು. ಕೆಲವು ಹಳೆಯ ತೋಪುಗಳ ನೆರಳಿನಲ್ಲಿ ಶೋಲಾ ಸಸಿಗಳು ತಾವಾಗಿ ಮೊಳೆತಿವೆ, ಅಂಥಲ್ಲಿ ಒಮ್ಮೆಲೇ ಬುಲ್ಡೋಜರ್ ಹೊಡೆಸುವುದೂ ತಪ್ಪು.

ನಮ್ಮ ಪಾಲಿಗೆ ಉಳಿದದ್ದು ನಮ್ಮ ಹುಲ್ಲುಗುಡ್ಡಗಳು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಯ ನೆತ್ತಿ. ಭದ್ರೆ, ತುಂಗೆ, ನೇತ್ರಾವತಿ, ಕಾವೇರಿ ಹುಟ್ಟುವುದು ಇಂಥ ಹುಲ್ಲಿನ ಮಡಿಲುಗಳಲ್ಲೇ. ವನಮಹೋತ್ಸವಕ್ಕೆ, ಕಂಪನಿಗಳ ಸಾಮಾಜಿಕ ಹೊಣೆಯ ಹಣಕ್ಕೆ, ಕೋಟಿ ಸಸಿಗಳ ಅಭಿಯಾನಕ್ಕೆ ಜಾಗ ಹುಡುಕುವವರ ಕಣ್ಣು ಈ ಖಾಲಿ ಗುಡ್ಡಗಳ ಮೇಲೆ ಬೀಳುತ್ತಲೇ ಇರುತ್ತದೆ. ನಿಮ್ಮೂರಿನ ಸಂಘವೋ ಶಾಲೆಯೋ ಬೆಟ್ಟದ ಮೇಲೆ ಗಿಡ ನೆಡಲು ಹೊರಟರೆ, ಅಲ್ಲಿ ಮೊದಲು ಮರವಿತ್ತೇ ಎಂದು ಊರಿನ ಹಿರಿಯರನ್ನು ಕೇಳಿ. ಇರಲಿಲ್ಲ ಎಂದಾದರೆ ಸಸಿಗಳನ್ನು ಕೆಳಗೆ ಇಳಿಸಿ, ಸವೆದ ಸೊಪ್ಪಿನ ಬೆಟ್ಟಕ್ಕೆ, ಹೊಳೆ ದಂಡೆಗೆ, ಊರ ಗೋಮಾಳದ ಅಂಚಿಗೆ ಕೊಡಿ. ಅರಣ್ಯ ಇಲಾಖೆಯವರು ನದಿ ಹುಟ್ಟುವ ಒಂದೊಂದು ತೊರೆಗೂ ಒಂದು ಅಳತೆಗಟ್ಟೆ ಕಟ್ಟಿ, ಅದರ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಲಿ. ಗ್ಲೆನ್‌ಮಾರ್ಗನ್ನಿನಲ್ಲಿ ಅದು ಸಾಧ್ಯವಾಯಿತು, ತಲಕಾವೇರಿಯಲ್ಲೂ ಆಗುತ್ತದೆ.